ಭಾವನವರಿಗೆ, ಮತ್ತು ನಿಮ್ಮೆಲ್ಲರಿಗೂ

ವಿಪರೀತ ಭೇದಿಯಿಂದ ಆಸ್ಪತ್ರೆ ಸೇರಿದ್ದ ನಾನು ಮೊನ್ನೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಏನಾಗಿತ್ತು ಎನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಆ ಕಥೆ ಮತ್ತೆ ಬೇಡ. ಹಣ ಹೊಂದಿಸಿಕೊಟ್ಟವರು, ಕಚೇರಿಯಲ್ಲಿ ನನ್ನ ಪಾಲಿನ ಕೆಲಸ ಹೊತ್ತವರು, ಫೋನಿನಲ್ಲಿ ಅಕ್ಕನಿಗೆ ಧೈರ್ಯ ಹೇಳಿದವರು, ಎಲ್ಲರಿಗೂ ಋಣಿ.

ಭಾವನವರ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ.

ಅವರೆದುರು ಕಾಲ ಮೇಲೆ ಕಾಲು ಹಾಕಿಯೂ ಕೂತವನಲ್ಲ ನಾನು. ಆ ರಾತ್ರಿ ಅಕ್ಕ ಊರಿನಲ್ಲಿರಲಿಲ್ಲ. ಶೌಚಾಲಯದ ಬಾಗಿಲು ಮುಟ್ಟುವ ಮೊದಲೇ ಬಟ್ಟೆ ಹಾಳಾಯಿತು. ನೋವಿಗಿಂತ ನಾಚಿಕೆಗೆ ಅತ್ತುಬಿಟ್ಟೆ, ಸತ್ತರೆ ಸಾಕು ಎಂದೂ ಅಂದೆ. ಭಾವ ಏನೂ ಹೇಳದೆ ನೆಲ ಒರೆಸಿದರು, ನನ್ನನ್ನು ತೊಳೆದು ಬಟ್ಟೆ ತೊಡಿಸಿದರು. ಮತ್ತೆ ಹಾಗೇ ಆಯಿತು, ಮತ್ತೆ ತೊಳೆದರು.

ಭೇದಿ ನಿಲ್ಲಿಸಲು ಲೋಪೆರಮೈಡ್ ಕೊಡಿ ಎಂದು ಗೋಗರೆದೆ. "ಜ್ವರವಿದೆ, ಆಂಟಿಬಯಾಟಿಕ್ ಬೇರೆ ನುಂಗಿದ್ದೀಯ. ಡಾಕ್ಟರನ್ನು ಕೇಳದೆ ಕೊಡುವುದಿಲ್ಲ" ಎಂದರು. ಬೈದೆ. ಬೈಸಿಕೊಂಡೇ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿದರು. ಮೂತ್ರ ಕಡಿಮೆಯಾಗುತ್ತಿದೆ ಎಂದು ಕಂಡದ್ದೇ, ಬೆಳಕು ಹರಿಯಲು ಕಾಯದೆ ಆಸ್ಪತ್ರೆಗೆ ಹೊರಡಿಸಿದರು.

ಅವರ ಜೇಬಿನಲ್ಲಿ ನನ್ನ ಮಾತ್ರೆಗಳ ಚೀಟಿಯಿತ್ತು. ಎಲ್ಲರ ಅನುಮಾನ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಮೇಲೆ. ಅದು ಹೊಟ್ಟೆ ಕೆಡಿಸುವುದು ನಿಜ, ಆದರೆ ಹೆಚ್ಚಾಗಿ ಶುರುವಿನಲ್ಲಿ ಅಥವಾ ಡೋಸ್ ಏರಿಸಿದಾಗ. ನಾನು ವರ್ಷಗಳಿಂದ ಅಷ್ಟನ್ನೇ ನುಂಗುತ್ತಿದ್ದೆ. ಡಾಕ್ಟರ ಬೆರಳು ನಿಂತದ್ದು ಹಲ್ಲಿಗೆಂದು ಕೊಟ್ಟಿದ್ದ ಆಂಟಿಬಯಾಟಿಕ್ ಕ್ಲಿಂಡಾಮೈಸಿನ್ ಮೇಲೆ. ಅದು ಮುಗಿದು ವಾರಗಳಾಗಿದ್ದರೂ ಭಾವ ಬರೆದಿದ್ದರು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಆ ಔಷಧಿಗೆ ಸತ್ತ ಜಾಗದಲ್ಲಿ ಸಿ. ಡಿಫಿಸೈಲ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರುತ್ತದೆಯಂತೆ, ಔಷಧಿ ನಿಲ್ಲಿಸಿದ ಮೇಲೂ. ಮಲಪರೀಕ್ಷೆ ಅದನ್ನೇ ಹೇಳಿತು. ಗುಣಪಡಿಸಿದ್ದೂ ಇನ್ನೊಂದು ಆಂಟಿಬಯಾಟಿಕ್ಕೇ, ಬಾಯಿಯ ಮೂಲಕ ಕೊಟ್ಟ ವ್ಯಾಂಕೊಮೈಸಿನ್. ವಿಚಿತ್ರ, ಆದರೆ ದೂರಲು ನಾನು ಯಾರು!

ನೋಡಲು ಬಂದವರನ್ನೆಲ್ಲ ಭಾವ ಸೋಪು ಹಚ್ಚಿ ಕೈ ತೊಳೆಯಿರಿ ಎಂದು ಕಾಡಿದರು. ಸ್ಯಾನಿಟೈಸರ್‌ಗೆ ಈ ರೋಗಾಣುವಿನ ಬೀಜಕಣಗಳು ಸಾಯುವುದಿಲ್ಲ. ಬೇಸರಿಸದೆ ತೊಳೆದ ನಿಮಗೂ, ವಾರ್ಡಿನ ನರ್ಸ್‌ಗಳಿಗೂ ನಮಸ್ಕಾರ.

ಇದು ಮರುಕಳಿಸಬಹುದಾದ ಕಾಯಿಲೆ. ಚೀಟಿ ಈಗ ನನ್ನ ಪರ್ಸಿನಲ್ಲಿದೆ. ಯಾವ ಡಾಕ್ಟರ್ ಆಂಟಿಬಯಾಟಿಕ್ ಬರೆಯಲು ಹೊರಟರೂ ಮೊದಲು ಇದನ್ನು ತೋರಿಸು ಎಂದು ಭಾವ ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ.