ಹದಿನಾಲ್ಕರಲ್ಲಿ ಎರಡು: ಗೆಳೆಯನಿಗೊಂದು ಪತ್ರ

ಹಾಸನ,
ಭಾನುವಾರ

ಪ್ರಿಯ ಗೆಳೆಯ,

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಅಕ್ಕನ ಮೊಲೆಯ ಕ್ಯಾನ್ಸರಿನ ಲ್ಯಾಬ್ ವರದಿಯನ್ನು ಎರಡು ಸಲ ಓದಿದೆ. ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: “ಕಂಕುಳಿಗೆ ಬಂದಿದೆ ಎಂದರೆ ಮೈಯೆಲ್ಲಾ ಹರಡಿದೆ ಎಂದೇ ಅರ್ಥವಲ್ಲವೇ?” ನಿಮ್ಮ ಮೂಡಿಗೆರೆಯ ಮಳೆಯ ಸದ್ದಿನಲ್ಲಿ ನನ್ನ ಉತ್ತರ ನಿನಗೆ ಅರ್ಧ ಮಾತ್ರ ಕೇಳಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಇಂಥ ವರದಿಗಳನ್ನು ಬರೆಯುವುದೇ ಇಪ್ಪತ್ತು ವರ್ಷಗಳಿಂದ ನನ್ನ ಕೆಲಸವಾಗಿದ್ದರೂ, ಅವು ಸೇರುವ ಮನೆಯಲ್ಲಿ ಯಾರು ಅವನ್ನು ಹೇಗೆ ಓದಿಕೊಳ್ಳುತ್ತಾರೆ ಎಂದು ನಾನು ಯೋಚಿಸಿದ್ದು ಕಡಿಮೆ.

ಮೊದಲು ಒಂದು ಗೊಂದಲವನ್ನು ಬಿಡಿಸುತ್ತೇನೆ. ‘ದುಗ್ಧಗ್ರಂಥಿ’ (ಲಿಂಫ್ ನೋಡ್) ಎಂಬ ಶಬ್ದವನ್ನು ಕಂಡು ಅದು ಎದೆಹಾಲಿಗೆ ಸಂಬಂಧಪಟ್ಟದ್ದೆಂದು ನೀನು ತಿಳಿದುಕೊಂಡೆ. ತಪ್ಪು ನಿನ್ನದಲ್ಲ, ಹಾಲು ಎಂದೇ ಅರ್ಥ ಕೊಡುವ ಆ ಹೆಸರಿನದು. 1622ರಲ್ಲಿ ಇಟಲಿಯ ವೈದ್ಯ ಗಾಸ್ಪರೆ ಅಸೆಲ್ಲಿ, ಆಗತಾನೇ ಉಂಡಿದ್ದ ನಾಯಿಯ ಹೊಟ್ಟೆಯನ್ನು ಸೀಳಿದಾಗ ಕರುಳಿನ ಸುತ್ತ ಹಾಲಿನಂಥ ಬಿಳಿಯ ಎಳೆಗಳನ್ನು ಕಂಡ. ಕರುಳಿನಿಂದ ಕೊಬ್ಬನ್ನು ಹೊತ್ತು ಬರುವ ನಾಳಗಳಿಗೆ ಮಾತ್ರ ಆ ಬಣ್ಣ. ದೇಹದ ಉಳಿದೆಡೆ ಹರಿಯುವ ದುಗ್ಧರಸ ತೆಳು ಹಳದಿಯ ತಿಳಿನೀರಿನಂತಿರುತ್ತದೆ. ಹಾಲು ಹರಿಯುವ ನಾಳಗಳೇ ಬೇರೆ, ಇವೇ ಬೇರೆ. ಮೊಲೆಯ ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಹಾಲಿನ ನಾಳದ ಒಳಪದರದಲ್ಲಿ. ಆ ನಾಳದ ಗೋಡೆಯನ್ನು ದಾಟದೆ ಒಳಗೇ ಇರುವವರೆಗೆ ಅದಕ್ಕೆ ದುಗ್ಧನಾಳಗಳು ಸಿಗುವುದೇ ಇಲ್ಲ. ಗೋಡೆ ಒಡೆದು ಸುತ್ತಲಿನ ಅಂಗಾಂಶಕ್ಕೆ ಇಳಿದ ಮೇಲೆ ಮಾತ್ರ ಹರಡುವ ಮಾತು.

ನಿಮ್ಮ ಅಡಿಕೆ ತೋಟದ ಬಸಿಗಾಲುವೆಯನ್ನು ನೆನೆಸಿಕೋ. ನೀರು ತರುವ ಕಾಲುವೆ ಬೇರೆ, ಬುಡದಲ್ಲಿ ನಿಂತ ನೀರನ್ನು ಬಸಿದು ಒಯ್ಯುವ ಕಾಲುವೆ ಬೇರೆ. ದೇಹದಲ್ಲಿಯೂ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸದಾ ಹೊರಗೆ ಜಿನುಗುತ್ತಿರುತ್ತದೆ. ಅದರಲ್ಲಿ ಬಹುಪಾಲು ರಕ್ತಕ್ಕೇ ಮರಳಿದರೂ, ದಿನಕ್ಕೆ ಎರಡು ಮೂರು ಲೀಟರಿನಷ್ಟು ಉಳಿದುಬಿಡುತ್ತದೆ. ಅದನ್ನು ಬಸಿದು, ಕತ್ತಿನ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. ಆ ದಾರಿಯಲ್ಲಿ ಅಲ್ಲಲ್ಲಿ ರಸವನ್ನು ಸೋಸುವ ಸಣ್ಣ ಗಂಟುಗಳೇ ದುಗ್ಧಗ್ರಂಥಿಗಳು. ಈ ನಾಳಗಳು ಆರಂಭವಾಗುವ ಕಡೆ ಅವುಗಳ ಗೋಡೆಯ ಕೋಶಗಳು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕುಳಿತಿರುತ್ತವೆ. ಹೊರಗೆ ಒತ್ತಡ ಹೆಚ್ಚಿದರೆ ಅಂಚು ಒಳಕ್ಕೆ ತೆರೆಯುತ್ತದೆ, ಒಳಗೆ ಹೆಚ್ಚಿದರೆ ಮುಚ್ಚಿಕೊಳ್ಳುತ್ತದೆ. ರಕ್ತನಾಳದ ಬಿಗಿಯಾದ ಗೋಡೆಯನ್ನು ಭೇದಿಸುವುದಕ್ಕಿಂತ ಈ ಸಡಿಲ ಬಾಗಿಲಿನಲ್ಲಿ ನುಸುಳುವುದು ಕ್ಯಾನ್ಸರ್ ಕೋಶಕ್ಕೆ ಸುಲಭ. ಸಾಲದ್ದಕ್ಕೆ, ಎಷ್ಟೋ ಗಡ್ಡೆಗಳು ವಿಇಜಿಎಫ್-ಸಿ ಎಂಬ ಪ್ರೋಟೀನನ್ನು ಸುರಿಸಿ ಹೊಸ ದುಗ್ಧನಾಳಗಳು ತಮ್ಮತ್ತ ಚಿಗುರುವಂತೆ ಮಾಡಿಕೊಳ್ಳುತ್ತವೆ.

ಮೊಲೆಯ ದುಗ್ಧರಸದಲ್ಲಿ ಸುಮಾರು ಮುಕ್ಕಾಲು ಪಾಲು ಕಂಕುಳಿನತ್ತಲೇ ಹರಿಯುತ್ತದೆ. ಉಳಿದದ್ದರ ಹೆಚ್ಚಿನ ಭಾಗ ಎದೆಮೂಳೆಯ ಪಕ್ಕದ ಗ್ರಂಥಿಗಳಿಗೆ ಹೋಗುತ್ತದೆ. ಕಂಕುಳಿನ ಕೊಬ್ಬಿನಲ್ಲಿ ಇಪ್ಪತ್ತರಿಂದ ನಲವತ್ತು ಗ್ರಂಥಿಗಳು ಹುದುಗಿರುತ್ತವೆ. ಎದೆಯ ಒಂದು ಸಣ್ಣ ಸ್ನಾಯುವನ್ನು ಗಡಿಯಾಗಿಟ್ಟುಕೊಂಡು ಶಸ್ತ್ರವೈದ್ಯರು ಅವನ್ನು ಮೂರು ಹಂತಗಳಾಗಿ ಎಣಿಸುತ್ತಾರೆ: ಸ್ನಾಯುವಿನ ಹೊರಗಿನವು ಮೊದಲ ಹಂತ, ಅದರ ಹಿಂದಿನವು ಎರಡನೆಯದು, ಅದನ್ನು ದಾಟಿ ಒಳಗೆ ಮೇಲಕ್ಕಿರುವವು ಮೂರನೆಯದು. ಕಡೂರು ಕಡೆ ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಹರಿಯುವ ಹಾಗೆ, ಸಾಮಾನ್ಯವಾಗಿ ಇಲ್ಲಿಯೂ ಮೊದಲ ಹಂತ ತುಂಬದೆ ಮೂರನೆಯದರಲ್ಲಿ ಕ್ಯಾನ್ಸರ್ ಕಾಣುವುದು ಅಪರೂಪ. ಮೊಲೆಯಿಂದ ಹೊರಟ ರಸ ಎಲ್ಲಕ್ಕಿಂತ ಮೊದಲು ತಲುಪುವ ಒಂದೋ ಎರಡೋ ಗ್ರಂಥಿಗಳಿಗೆ ‘ಸೆಂಟಿನಲ್’, ಎಂದರೆ ಕಾವಲಿನ ಗ್ರಂಥಿ ಎನ್ನುತ್ತಾರೆ. ನೀಲಿ ಬಣ್ಣವನ್ನೋ ಅಲ್ಪ ವಿಕಿರಣದ ಟೆಕ್ನೀಶಿಯಂ ದ್ರವವನ್ನೋ ಮೊಲೆಗೆ ಚುಚ್ಚಿ, ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ನೋಡಿ ಆ ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸುವ ಕ್ರಮ 1990ರ ದಶಕದಲ್ಲಿ ಬಂದಿತು. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಾಗಿಲ್ಲ. ಅಕ್ಕನಿಗೆ ಏಕೆ ಹಾಗೆ ಮಾಡಲಿಲ್ಲ ಎಂದು ನೀನು ಕೇಳುತ್ತೀಯೆ. ಅವರ ಕಂಕುಳಿನ ಗಂಟು ಮೊದಲೇ ಬರಿಗೈಗೆ ಸಿಗುತ್ತಿತ್ತು, ಸೂಜಿ ಪರೀಕ್ಷೆಯಲ್ಲಿ ಖಚಿತವೂ ಆಗಿತ್ತು. ಕಾವಲುಗಾರನನ್ನು ವಿಚಾರಿಸುವ ಅಗತ್ಯ ಅಲ್ಲಿರಲಿಲ್ಲ.

ಈಗ ನನ್ನ ಮೇಜಿಗೆ ಬಾ. ಶಸ್ತ್ರಕ್ರಿಯೆಯ ಕೊಠಡಿಯಿಂದ ಫಾರ್ಮಲಿನ್ ಡಬ್ಬಿಯಲ್ಲಿ ಬರುವುದು ಅಂಗೈಯಗಲದ ಹಳದಿ ಕೊಬ್ಬಿನ ಮುದ್ದೆ. ಅದನ್ನು ಬೆರಳ ತುದಿಯಲ್ಲಿ ಹಿಸುಕುತ್ತಾ ಹೋದರೆ ಗ್ರಂಥಿಗಳು ಒಂದೊಂದಾಗಿ ತಡೆಯುತ್ತವೆ: ಕೆಲವು ತೊಗರಿಕಾಳಿನಷ್ಟು, ಕೆಲವು ಸುಲಿದ ಅವರೆಕಾಳಿನಷ್ಟು. ಆರೋಗ್ಯವಾಗಿರುವುದು ಮೆತ್ತಗಿರುತ್ತದೆ, ಕ್ಯಾನ್ಸರ್ ತುಂಬಿದ್ದು ಕತ್ತರಿಸುವಾಗಲೇ ಬಿರುಸು, ಒಳಗೆ ಬೂದುಬಿಳುಪು. ಒಂದೊಂದನ್ನೂ ಎರಡು ಮಿಲಿಮೀಟರಿನ ಹೋಳು ಮಾಡಿ, ಮೇಣದಲ್ಲಿ ಕೂರಿಸಿ, ಬಣ್ಣ ಹಾಕಿ ನೋಡುತ್ತೇವೆ. ರಸ ತರುವ ನಾಳಗಳು ಗ್ರಂಥಿಯ ಪೊರೆಯನ್ನು ತೂರಿ, ಅದರ ಕೆಳಗಿನ ಕಿರಿದಾದ ಓಣಿಯಲ್ಲಿ ತೆರೆದುಕೊಳ್ಳುತ್ತವೆ. ಆದ್ದರಿಂದ ಕ್ಯಾನ್ಸರ್ ಕೋಶಗಳು ಮೊದಲು ಸಿಗುವುದು ಆ ಓಣಿಯಲ್ಲೇ. ಕಡುನೀಲಿಯ ಸಾಸಿವೆಯಂತೆ ಒತ್ತೊತ್ತಾಗಿ ತುಂಬಿದ ಸಣ್ಣ ಕೋಶಗಳ ಅಂಚಿನಲ್ಲಿ, ಊರಿನವರಲ್ಲದವರು ಗುಂಪುಗೂಡಿ ನಿಂತಂತೆ ದೊಡ್ಡ ದೊಡ್ಡ ನಸುಗೆಂಪು ಕೋಶಗಳು. ಗುಂಪು 0.2 ಮಿಲಿಮೀಟರಿಗಿಂತ ಚಿಕ್ಕದಿದ್ದರೆ ಅದನ್ನು ‘ಬಂದಿದೆ’ ಎಂದು ಎಣಿಸುವುದೇ ಇಲ್ಲ; 2 ಮಿಲಿಮೀಟರಿನವರೆಗೆ ಸೂಕ್ಷ್ಮ ಹರಡುವಿಕೆ ಎನ್ನುತ್ತೇವೆ. ಅಕ್ಕನದು ಅದನ್ನು ಮೀರಿದ್ದು, 6 ಮಿಲಿಮೀಟರ್. ಆದರೆ ಹದಿನಾಲ್ಕರಲ್ಲಿ ಎರಡೇ ಗ್ರಂಥಿ, ಪೊರೆಯೂ ಒಡೆದಿಲ್ಲ. ಒಂದರಿಂದ ಮೂರು ಗ್ರಂಥಿಗಳಿದ್ದರೆ ಒಂದು ವರ್ಗ, ನಾಲ್ಕರಿಂದ ಒಂಬತ್ತು ಮತ್ತೊಂದು, ಹತ್ತು ಅಥವಾ ಹೆಚ್ಚಾದರೆ ಮೂರನೆಯದು. ಅಕ್ಕ ಇರುವುದು ಮೊದಲನೆಯದರಲ್ಲಿ.

ಹಾಗಾದರೆ ಎರಡು ಗ್ರಂಥಿ ಎಂದರೆ ಮೈಯೆಲ್ಲಾ ಎಂದು ಅರ್ಥವೇ? ಈ ಪ್ರಶ್ನೆಗೆ ವೈದ್ಯಲೋಕವೇ ನೂರು ವರ್ಷ ಜಗಳವಾಡಿದೆ. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ ದೊಡ್ಡ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದಾಗ, ರೋಗ ಗಡ್ಡೆಯಿಂದ ಗ್ರಂಥಿಗೆ, ಗ್ರಂಥಿಯಿಂದ ಮುಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆಂದು ನಂಬಿದ್ದ. ಆದ್ದರಿಂದ ಮೊಲೆ, ಎದೆಯ ಸ್ನಾಯು, ಕಂಕುಳು ಎಲ್ಲವನ್ನೂ ಒಟ್ಟಿಗೆ ಕಿತ್ತರೆ ರೋಗ ಮುಗಿಯಿತೆಂಬ ತರ್ಕ. ಪಿಟ್ಸ್‌ಬರ್ಗಿನ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ ಅದನ್ನು ಒಪ್ಪಲಿಲ್ಲ. ಅವನ ನೇತೃತ್ವದಲ್ಲಿ 1971ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ 1,665 ಮಹಿಳೆಯರು ಸೇರಿದರು. ಕಂಕುಳಿನಲ್ಲಿ ಗಂಟು ಕೈಗೆ ಸಿಗದವರಲ್ಲಿ ಕೆಲವರಿಗೆ ಗ್ರಂಥಿಗಳನ್ನು ತೆಗೆದು, ಕೆಲವರಿಗೆ ವಿಕಿರಣ ಕೊಟ್ಟು, ಕೆಲವರಿಗೆ ಮೊಲೆಯನ್ನಷ್ಟೇ ತೆಗೆದು ಕಂಕುಳನ್ನು ಹಾಗೇ ಬಿಟ್ಟರು. ತೆಗೆದವರ ಪೈಕಿ ನೂರಕ್ಕೆ ಸುಮಾರು 40 ಮಂದಿಯ ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು. ಬಿಟ್ಟವರಲ್ಲೂ ಅಷ್ಟೇ ಇದ್ದಿರಬೇಕಲ್ಲವೇ? ಆದರೂ ಅವರಲ್ಲಿ ಮುಂದೆ ಕಂಕುಳಿನಲ್ಲಿ ಗಂಟು ಬೆಳೆದದ್ದು ನೂರಕ್ಕೆ ಸುಮಾರು 18 ಮಂದಿಗೆ. 25 ವರ್ಷಗಳ ನಂತರ ಲೆಕ್ಕ ಹಾಕಿದಾಗ ಬದುಕುಳಿಯುವಿಕೆಯಲ್ಲಿ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಇದರಿಂದ ನಾನು ತಿಳಿದುಕೊಂಡಿರುವುದು ಇಷ್ಟು: ಗ್ರಂಥಿ ಎಂಬುದು ರೋಗವನ್ನು ತಡೆದು ನಿಲ್ಲಿಸುವ ಕೋಟೆಯಲ್ಲ, ಅದನ್ನು ದಾಟಿದರೆ ಎಲ್ಲಾ ಮುಗಿಯಿತು ಎನ್ನುವ ಗಡಿಕಲ್ಲೂ ಅಲ್ಲ, ಈ ಕ್ಯಾನ್ಸರಿಗೆ ಪ್ರಯಾಣ ಮಾಡುವ ಶಕ್ತಿ ಎಷ್ಟಿದೆ ಎಂದು ತೋರಿಸುವ ಅಳತೆಗೋಲು. ಗ್ರಂಥಿಗಳೆಲ್ಲ ಶುದ್ಧವಾಗಿದ್ದೂ ರೋಗ ನೇರವಾಗಿ ರಕ್ತದ ದಾರಿ ಹಿಡಿದು ಮೂಳೆಗೋ ಶ್ವಾಸಕೋಶಕ್ಕೋ ಹೋದವರಿದ್ದಾರೆ. ಗ್ರಂಥಿಯಲ್ಲಿದ್ದೂ ಅಲ್ಲಿಗೇ ಮುಗಿದವರು ಬಹಳ ಮಂದಿ ಇದ್ದಾರೆ. ಗ್ರಂಥಿಯೊಳಗಿನ ರಕ್ತನಾಳಗಳಿಗೆ ನುಸುಳಿ ಮುಂದೆ ಹೋಗುವ ದಾರಿಯೂ ಉಂಟೆಂದು 2018ರಲ್ಲಿ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ, ಆದ್ದರಿಂದ ಗ್ರಂಥಿಯನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಕೀಮೋ ಬೇಕೆಂದು ವೈದ್ಯರು ಹೇಳಿರುವುದು ಇದಕ್ಕೇ: ಎಲ್ಲಾದರೂ ಕಾಣದಷ್ಟು ಕೋಶಗಳು ಕುಳಿತಿದ್ದರೆ ಅವುಗಳಿಗಾಗಿ, ಹರಡಿಯೇಬಿಟ್ಟಿದೆ ಎಂದಲ್ಲ.

ನಿಮ್ಮ ದೊಡ್ಡಮ್ಮ ಸೂಜಿ ಚುಚ್ಚಿದ್ದರಿಂದಲೇ ಕಂಕುಳಿಗೆ ಇಳಿಯಿತೆಂದು ಹೇಳುತ್ತಿರುವ ವಿಷಯ. ಅಕ್ಕನ ಕಂಕುಳಿನ ಗಂಟು ಸೂಜಿಗಿಂತ ಮೊದಲೇ ಅಲ್ಲಿತ್ತು. ಆ ಮಾತನ್ನು ಮೆಲ್ಲಗೆ ಅವರಿಗೆ ಹೇಳು. ಅಕ್ಕ ಎಂಟು ತಿಂಗಳು ಯಾರಿಗೂ ಹೇಳದೆ ಸುಮ್ಮನಿದ್ದದ್ದು, ಮೊದಲು ತೋರಿಸಿದ ಕಡೆ ‘ಕೈಗೆ ಮುಳ್ಳು ತಾಗಿ ಗಳಲೆ ಕಟ್ಟಿದೆ’ ಎಂದು ಮಾತ್ರೆ ಕೊಟ್ಟು ಕಳಿಸಿದ್ದು, ಸೂಜಿಗಿಂತ ಹೆಚ್ಚಿನ ಹಾನಿ ಮಾಡಿದೆ. ತೋಟದಲ್ಲಿ ದುಡಿಯುವ ಕೈಗೆ ಗಾಯವಾದರೆ ಕಂಕುಳಿನ ಗ್ರಂಥಿ ಊದಿ ಗಳಲೆ ಕಟ್ಟುವುದು ನಿಜವೇ. ಅಂಥದ್ದು ನೋಯುತ್ತದೆ, ಒಂದೆರಡು ವಾರದಲ್ಲಿ ಇಳಿಯುತ್ತದೆ. ನೋಯದೆ, ಇಳಿಯದೆ, ಗಟ್ಟಿಯಾಗುತ್ತಲೇ ಹೋಗುವುದು ಬೇರೆಯ ಜಾತಿ. ಇನ್ನೊಂದನ್ನೂ ಮನೆಯ ಹೆಂಗಸರಿಗೆ ಹೇಳಿಬಿಡು: ಚರ್ಮದೊಳಗಿನ ದುಗ್ಧನಾಳಗಳೇ ಕ್ಯಾನ್ಸರಿನಿಂದ ಕಟ್ಟಿಕೊಂಡರೆ ಮೊಲೆಯ ಚರ್ಮ ಊದಿ, ರಂಧ್ರಗಳು ಕುಳಿಬಿದ್ದು, ಥೇಟ್ ನಿಮ್ಮ ಕಾಫಿ ತೋಟದ ಕಿತ್ತಳೆಯ ಸಿಪ್ಪೆಯಂತೆ ಕಾಣುತ್ತದೆ. ಅದಕ್ಕೆ ಮುಲಾಮು ಹಚ್ಚುತ್ತಾ ಕೂರಬಾರದು.

ಅಕ್ಕನ ತೋಳಿನ ಬಗ್ಗೆ ನನಗೆ ಹೆಚ್ಚು ಚಿಂತೆ. ನನ್ನ ಚಿಕ್ಕಮ್ಮನಿಗೂ ಹೀಗೆಯೇ ಎಡಗಂಕುಳನ್ನು ಖಾಲಿ ಮಾಡಿದ್ದರು. ಎರಡನೆಯ ವರ್ಷ ಗೌರಿ ಹಬ್ಬಕ್ಕೆ ಬಳೆ ತೊಡಲು ಹೋದಾಗ ಬಲಗೈಗೆ ಸಲೀಸಾಗಿ ಏರಿದ ಅಳತೆ ಎಡಗೈಯ ಹೆಬ್ಬೆರಳಿನ ಬುಡದಲ್ಲೇ ನಿಂತಿತು. ಬಳೆಗಾರ ಸೋಪು ಹಚ್ಚಿದ, ಒತ್ತಿದ, ಕಡೆಗೆ ಸುಮ್ಮನಾದ. ರಸ ಬಸಿಯುವ ದಾರಿಯನ್ನೇ ಕಿತ್ತ ಮೇಲೆ ಕೈಯಲ್ಲಿ ನೀರು ನಿಲ್ಲುತ್ತದೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅದು ಕ್ಯಾನ್ಸರ್ ಮರಳಿದ್ದಲ್ಲವೆಂದು ಚಿಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ, ಮೂರು ತಿಂಗಳು ನಿದ್ದೆಗೆಟ್ಟರು. ಅಕ್ಕ ಶಸ್ತ್ರಕ್ರಿಯೆಯಾದ ಕಡೆಯ ಕೈಗೆ ಗ್ಲೌಸ್ ಹಾಕದೆ ಕಾಫಿ ಬಿಡಿಸುವುದು ಬೇಡ; ಗೀರಾದರೆ ತೊಳೆದು ಔಷಧಿ ಹಚ್ಚಲಿ, ಕೆಂಪಗಾಗಿ ಜ್ವರ ಬಂದರೆ ಅಂದೇ ತೋರಿಸಲಿ, ಕಲಿಸಿಕೊಟ್ಟ ವ್ಯಾಯಾಮವನ್ನು ಬಿಡದಿರಲಿ. ದುಗ್ಧರಸವನ್ನು ತಳ್ಳುವುದಕ್ಕೆ ಹೃದಯದಂಥ ಪಂಪು ಇಲ್ಲ. ನಾಳಗಳ ಮಿಡಿತದ ಜೊತೆಗೆ ತೋಳಿನ ಸ್ನಾಯುಗಳೂ ಆಡಿದರೆ ಅದು ಮುಂದೆ ಸಾಗುತ್ತದೆ.

ಬುಧವಾರ ನೀವು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ವರದಿಯೊಂದೇ ಸಾಲದು. ಈ ಕ್ಯಾನ್ಸರಿಗೆ ಯಾವ ಔಷಧಿ ಹಿಡಿಯಬಹುದೆಂದು ತೋರಿಸುವ ಇ.ಆರ್., ಪಿ.ಆರ್., ಹರ್-2 ಪರೀಕ್ಷೆಗಳ ಹಾಳೆಯನ್ನೂ, ಗಾಜಿನ ಸ್ಲೈಡುಗಳನ್ನೂ, ಮೇಣದ ಬ್ಲಾಕುಗಳನ್ನೂ ಲ್ಯಾಬಿನಿಂದ ಕೇಳಿ ಪಡೆದುಕೋ; ಸಹಿ ಹಾಕಿಸಿಕೊಂಡು ಕೊಡುತ್ತಾರೆ. ದಾರಿಯಲ್ಲಿ ತಿಂಡಿಗೆ ಇಳಿದಾಗ ಬ್ಲಾಕುಗಳನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡ, ಮೇಣ ಮೆತ್ತಗಾಗುತ್ತದೆ. ನಿನ್ನ ಕೈಚೀಲದಲ್ಲೇ ಇರಲಿ.

ನಿನ್ನ,
ಹಳೆಯ ಬೆಂಚಿನ ಗೆಳೆಯ