ಭಾನುವಾರದ ಚೆಸ್: ಸ್ವಲ್ಪ ಬದಲಾವಣೆ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರದಿಂದ ನಮ್ಮ ಬಾಗಲಕೋಟೆ ನವನಗರದ ಆಟದಲ್ಲಿ 3 ನಿಮಿಷದ ಬ್ಲಿಟ್ಜ್ (ಚಕಚಕನೆ ಮುಗಿಸುವ ಆಟ) ಇರುವುದಿಲ್ಲ. ಒಬ್ಬೊಬ್ಬರಿಗೆ 15 ನಿಮಿಷ, ಜೊತೆಗೆ ಪ್ರತಿ ನಡೆಗೆ 10 ಸೆಕೆಂಡ್. ಬೇಜಾರಾಗಬೇಡಿ, ಬ್ಲಿಟ್ಜ್ ಹೇಗೂ ರಾತ್ರಿ ಮೊಬೈಲ್‌ನಲ್ಲಿ ಆಡುತ್ತೀರಿ, ಅಲ್ವಾ?

ಅಂಗಡಿ, ಡ್ಯೂಟಿ, ಮಕ್ಕಳ ಟ್ಯೂಷನ್ ಎಲ್ಲ ಮುಗಿದ ಮೇಲೆ ನಮಗೆ ಸಿಗುವುದು ಅರ್ಧ ಗಂಟೆ. ಅದನ್ನು ಓಪನಿಂಗ್ (ಆಟದ ಮೊದಲ ನಡೆಗಳ) ವಿಡಿಯೊಗೆ ಸುರಿಯುವುದು ದಂಡ. ಸಿಸಿಲಿಯನ್ ಎಂಬ ಓಪನಿಂಗ್‌ನ 12 ನಡೆ ಬಾಯಿಪಾಠ ಮಾಡಿ 13ನೆಯದಕ್ಕೆ ಕುದುರೆಯನ್ನು ಪುಕ್ಕಟೆ ಕೊಟ್ಟರೆ ಏನು ಬಂತು? ದಿನಾ ಐದಾರು ಪಜಲ್ (ಸರಿಯಾದ ನಡೆ ಹುಡುಕುವ ಒಗಟು) ಬಿಡಿಸಿ. ಲಿಚೆಸ್ ಎಂಬ ಚೆಸ್ ವೆಬ್‌ಸೈಟ್‌ನಲ್ಲಿ ಅದು ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಉತ್ತರ ಕೊನೆಯವರೆಗೂ ತಲೆಯಲ್ಲಿ ಕಾಣುವ ತನಕ ಕಾಯಿ ಮುಟ್ಟಬೇಡಿ. ಸುಮ್ನೆ ಒತ್ತಿ ನೋಡುವುದರಿಂದ ಉಪಯೋಗವಿಲ್ಲ.

ಈ ವಾರ ಎಲ್ಲರೂ ಒಂದು ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ) ನೋಡಿಕೊಂಡು ಬನ್ನಿ: ಫಿಲಿಡೋರ್ ಸ್ಥಿತಿ. 18ನೇ ಶತಮಾನದ ಫ್ರಾನ್ಸ್ ಆಟಗಾರನ ಹೆಸರು ಅದು. ಇಬ್ಬರಿಗೂ ಒಂದೊಂದು ಆನೆ, ಎದುರಾಳಿಗೆ ಒಂದು ಪ್ಯಾದೆ ಜಾಸ್ತಿ. ನಿಮ್ಮ ರಾಜ ಆ ಪ್ಯಾದೆಯ ಎದುರಿಗಿರಲಿ. ಆನೆ ನಿಮ್ಮ ಕಡೆಯಿಂದ ಮೂರನೇ ಸಾಲನ್ನು ಕಾಯಲಿ, ಅವರ ರಾಜ ಒಳಗೆ ಬರಬಾರದು. ಪ್ಯಾದೆ ಆ ಸಾಲಿಗೆ ಬಂದ ಕೂಡಲೇ ಆನೆಯನ್ನು ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತಾ ಇರಿ. ಅವರ ರಾಜನಿಗೆ ಅಡಗಲು ಜಾಗ ಇರುವುದಿಲ್ಲ, ಆಟ ಡ್ರಾ. ಸೋಲುವ ಆಟದಲ್ಲಿ ಅರ್ಧ ಪಾಯಿಂಟ್ ಕಿತ್ತುಕೊಳ್ಳುವ ಖುಷಿಯೇ ಬೇರೆ!

ಆಟ ಬರೆದುಕೊಳ್ಳಲು ನೋಟ್‌ಬುಕ್ ತನ್ನಿ. ಮನೆಯಲ್ಲಿ ಮೊದಲು ನೀವೇ ನೋಡಿ, ಆಮೇಲೆ ಎಂಜಿನ್ (ನಡೆ ಪರೀಕ್ಷಿಸುವ ಕಂಪ್ಯೂಟರ್ ಪ್ರೋಗ್ರಾಂ) ಹಚ್ಚಿ. ಸಂಜೆ 5ಕ್ಕೆ ಶುರು. ಬರುವವರು ಶನಿವಾರದೊಳಗೆ ಇಲ್ಲೇ ಹೆಸರು ಹಾಕಿ, ಚೆಸ್ ಗಡಿಯಾರ ಇದ್ದವರು ಅದನ್ನೂ ತಿಳಿಸಿ.