ಪಾಠ ಓದಿ ಹೇಳುವ ಕಂಪ್ಯೂಟರ್‌ಗೆ ಬೀಗವೇಕೆ?

ಮಾನ್ಯ ಸಂಪಾದಕರೇ,

ಏಳನೆಯ ತರಗತಿಯ ನನ್ನ ಮಗ ‘ಮ’ವನ್ನು ‘ಯ’ ಎಂದು ಓದುತ್ತಾನೆ. ಒತ್ತಕ್ಷರ ಬಂದರೆ ಅವನ ಬೆರಳು ಅಲ್ಲೇ ನಿಂತುಬಿಡುತ್ತದೆ. ನಾಲ್ಕು ವರ್ಷ ದಡ್ಡ ಎನ್ನಿಸಿಕೊಂಡ ಮೇಲೆ ಇದು ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದಲು ಕಷ್ಟವಾಗುವ ಕಲಿಕಾ ನ್ಯೂನತೆ ಎಂದು ಗೊತ್ತಾಯಿತು.

ಕಳೆದ ಬೇಸಿಗೆಯಲ್ಲಿ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಜಯನಗರದ ಪಾಠವನ್ನು ದೊಡ್ಡ ಅಕ್ಷರದಲ್ಲಿ, ಸಾಲುಗಳನ್ನು ಬಿಡಿಸಿ ತೆರೆದು, ಕನ್ನಡ ಓದುವ ಉಚಿತ ತಂತ್ರಾಂಶಕ್ಕೆ ಒಪ್ಪಿಸಿದೆ. ಧ್ವನಿ ತಗಡು ಬಡಿದಂತಿದೆ, ನಿಜ. ಆದರೂ ಕೇಳುತ್ತ, ಸಾಲು ಹಿಡಿಯುತ್ತ ಪೂರ್ತಿ ಪಾಠ ಮುಗಿಸಿದವನು ‘ಅಮ್ಮಾ, ಹಂಪಿಗೆ ಯಾವಾಗ ಹೋಗೋಣ?’ ಎಂದು ಕೇಳಿದ!

ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಅಕ್ಷರ ಗುರುತಿಸುವ ಸಮಾನ ಸಂಕೇತ ವ್ಯವಸ್ಥೆ) ಅಲ್ಲದ ಹಳೆಯ ಫಾಂಟಿನ ಪಿಡಿಎಫ್ ಕೊಟ್ಟರೆ ಮಾತ್ರ ತಂತ್ರಾಂಶ ಏನೇನೋ ಗೊಣಗುತ್ತದೆ. ಅಂಥ ಎರಡು ಪಾಠಗಳನ್ನು ರಾತ್ರಿ ಕುಳಿತು ನಾನೇ ಟೈಪ್ ಮಾಡಿದ್ದೇನೆ. ಎಲ್ಲ ತಾಯಂದಿರಿಗೂ ಇದು ಸಾಧ್ಯವೇ?

ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ. ಕೇಳಿದರೆ ‘ಇವನೊಬ್ಬನಿಗಾಗಿ ತೆರೆಯಲಾಗದು’ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ ಎಂದು ತೋರಿಸಿದೆ, ನಕ್ಕರು. ಪಠ್ಯಪುಸ್ತಕಗಳೆಲ್ಲ ಯೂನಿಕೋಡ್‌ನಲ್ಲಿ ಸಿಗಲಿ, ದಿನಕ್ಕೆ ಅರ್ಧ ಗಂಟೆಯಾದರೂ ಆ ಬೀಗ ತೆರೆಯಲಿ.

– ಒಬ್ಬ ತಾಯಿ, ತುಮಕೂರು